ಸವಡ್ಯಾಗ ನನಗ ಹದಿನೆಂಟು

ಗದಗಿನಾಗ ಮೂರು ತಿಂಗಳು ಉಗುರಿನ ಕೆಲಸ ಕಲ್ತು, ಸರ್ಟಿಫಿಕೇಟ್ ಹಿಡ್ಕೊಂಡು ಗಜೇಂದ್ರಗಡಕ್ಕ ಬಂದ್ನಿ. ನಮ್ಮವ್ವ ಅದನ್ನ ತಿರುವಿ ಮುರುವಿ ನೋಡಿ, "ಉಗುರ ಕತ್ತರಸಾಕೂ ಸಾಲಿ ಐತೇನ? ನಿಮ್ಮಪ್ಪ ಇಷ್ಟ ವರ್ಷ ಸಾಲಿ ಕಲೀದನ ಕತ್ತರಿಸಿಕೊಂಡಾನ, ಅಂವಗೂ ಒಂದು ಕೊಡಸು" ಅಂದ್ಲು.

ನನಗ ಮೈಯೆಲ್ಲಾ ಉರೀತು. ಬರೇ ಕತ್ತರಸೂದಲ್ಲವಾ, ಬಿಸಿನೀರಾಗ ಕಾಲ ನೆನಸೂದು, ಹಿಮ್ಮಡಿ ತಿಕ್ಕೂದು, ಉಗುರಿಗೆ ಆಕಾರ ಕೊಡೂದು, ಬಣ್ಣ ಹಚ್ಚೂದು ಅಂತ ಸಾವಕಾಶ ತಿಳಿಸಿ ಹೇಳಿದ್ನಿ. ಅಷ್ಟ್ರಾಗ ಅಕಿ ಕಿವಿಗೆ ಬಿದ್ದದ್ದು ಕಾಲು ಅನ್ನೂದೊಂದ.

"ಮಂದಿ ಕಾಲ ಹಿಡಿಯಾಕಿನ್ನ ಯಾರ ಮಾಡ್ಕೊಂತಾರ? ಮಾಡು, ನಿನ್ನ ಹಟ. ಆದ್ರ ಈ ಕೆಲಸದ ಸಲುವಾಗಿ ಒಂದ ವರಾ ವಾಪಸ್ ಹೋತಂದ್ರ, ಅವತ್ತ ನಿನ್ನ ಕತ್ತರಿ ಬಣ್ಣದ ಡಬ್ಬಿ ಒಲಿಗೆ ಹಾಕ್ತೀನಿ ನೋಡು."

ನಮ್ಮವ್ವ ಬಾಯಿಲೆ ಆಡಿದ್ದನ್ನ ಕೈಲೆ ಮಾಡಾಕಿ. ನನಗ ಡಬ್ಬಿನೂ ಬೇಕಾಗಿತ್ತು, ಮದವಿನೂ ಬೇಕಾಗಿತ್ತು. ನಾಚಿಕಿ ಯಾಕ, ಎರಡೂ ಬೇಕಾಗಿತ್ತು.

ಹಳೇ ಸ್ಕೂಟಿ ಮುಂದ ಡಬ್ಬಿ, ಹಿಂದ ಪ್ಲಾಸ್ಟಿಕ್ ಬುಟ್ಟಿ ಕಟಗೊಂಡು ಮನಿಮನಿಗೆ ಹೊಂಟ್ನಿ. ಮಂಗಳವಾರ ಉಗುರ ತಗೀಬಾರದು. ಶುಕ್ರವಾರ ತಗದ್ರ ಲಕ್ಷ್ಮಿ ಎದ್ದು ಹೋಗ್ತಾಳ. ಅಮಾಸಿ ದಿನಾ ಆ ಮಾತನ್ನೂ ಎತ್ತಬಾರದು. ಇನ್ನ ದೀಪಾ ಹಚ್ಚಿದ ಮ್ಯಾಲ ನನ್ನ ಕತ್ತರಿ ಕಂಡ್ರ ಬಾಗಲಾನ ಹಾಕ್ತಿದ್ರು. ಇದ್ಯಾವದನ್ನೂ ಗದಗಿನ ಮೇಡಂ ಕಲಿಸಿದ್ದಿಲ್ಲ. ನಮ್ಮೂರ ಮುಸಲ್ಮಾನರ ಓಣ್ಯಾಗಿನ ಅತ್ತರದ ಅಂಗಡಿ ಖಾಲಾ, "ಬಣ್ಣ ಬ್ಯಾಡ ಬೇಟಿ, ನಮಾಜಿಗೆ ನಡಿಯೂದಿಲ್ಲ, ಹಂಗ ಮಿಂಚೂವಂಗ ತಿಕ್ಕಿಕೊಡು" ಅಂದ್ರು. ರೋಣದಾಗ ಒಬ್ರು ಮಾಸ್ತರ ಹೇಣ್ತಿ ಹೌಸಿಲೆ ಚೂಪ ಉಗುರ ಮಾಡಿಸ್ಕೊಂಡು, ಮರುದಿನ ಫೋನ್ ಮಾಡಿ, "ಬಡದ ರೊಟ್ಟಿಗೆಲ್ಲಾ ತೂತ ಬಿದ್ದಾವ, ಮನ್ಯಾಗ ಜಗಳಾ ಹತ್ತೈತಿ" ಅಂತ ಒದರಿದ್ರು. ಅವರ ಉಗುರ ಮೋಟ ಮಾಡಾಕ ಮತ್ತ ರೋಣಕ್ಕ ಹೋಗಬೇಕಾತು.

ಖರೇ ತ್ರಾಸ ಶುರು ಆಗಿದ್ದು ಸವಡ್ಯಾಗ. ಮದವಿ ಮನಿ, ನನ್ನ ಮೊದಲನೇ ಮದುಮಗಳು. ಕೈ ಉಗುರೆಲ್ಲಾ ಆತು. ಬುಟ್ಟ್ಯಾಗ ಬಿಸಿನೀರ ಹಾಕಿ, ಕಾಲ ಕೊಡು ಅಂದ್ನಿ. ಹುಡುಗಿ ಬೆಂಕಿ ತುಳದಂಗ ಎರಡೂ ಕಾಲ ಮ್ಯಾಲ ಎತ್ತಿಕೊಂಡ್ಲು.

"ಅಯ್ಯ, ಬ್ಯಾಡ್ರಿ ಅಕ್ಕಾರ! ನೀವು ನನಗಿಂತ ದೊಡ್ಡಾವ್ರು. ದೊಡ್ಡಾವ್ರ ಕಡಿಂದ ಕಾಲ ಮುಟ್ಟಿಸ್ಕೊಂಡ್ರ ನನ್ನ ಆಯುಷ್ಯ ಕಡಿಮಿ ಆಗ್ತೈತಿ."

ಎಷ್ಟ ರಮಿಸಿದ್ರೂ ಕಾಲ ಕೆಳಗ ಇಳೀಲಿಲ್ಲ. ಬುಟ್ಟ್ಯಾನ ನೀರ ಆರಾಕತ್ತಿತು. ಮದುಮಗಳು ಕಾಲಾನ ಕೊಡಲಿಲ್ಲ ಅನ್ನೂ ಸುದ್ದಿ ಹಬ್ಬಿದ್ರ ನನ್ನ ಕೆಲಸಾ ಅಲ್ಲಿಗೆ ಮುಗೀತಿತ್ತು. ಬಾಗಲದಾಗ ಕುಂತು ಎಲಿ ಅಡಿಕಿ ಹಾಕ್ಕೋತಿದ್ದ ಹುಡುಗಿ ಅಜ್ಜಿ ಇದನ್ನೆಲ್ಲಾ ನೋಡಿ, "ಏ ತಂಗಿ, ನಿನಗೆಷ್ಟ ವಯಸ್ಸ?" ಅಂದ್ಲು.

"ಇಪ್ಪತ್ತಾ..."

"ಹದಿನೆಂಟು!" ಅಂದ್ಲು ಅಜ್ಜಿ, ನನ್ನ ಬಾಯಿ ಮುಚ್ಚೂ ಮೊದಲ. "ನೋಡಾಕ ದೊಡ್ಡಾಕಿ ಕಾಣ್ತಾಳ, ಅಷ್ಟ. ಕಾಲ ಇಡು ಲಗೂ, ನೀರ ಆರತೈತಿ."

ಹುಡುಗಿಗೆ ಇಪ್ಪತ್ತು. ಮುಗುಮ್ಮಾಗಿ ಕಾಲ ಇಟ್ಲು.

ಅವತ್ತಿಂದ ನನ್ನ ವಯಸ್ಸ ನನ್ನ ಕೈಯಾಗ ಉಳೀಲಿಲ್ಲ. ಹೋದ ಮನ್ಯಾಗ ಮೊದಲ ಅವರ ವಯಸ್ಸ ಕೇಳೂದು, ಆಮ್ಯಾಲ ನಂದು ಹೇಳೂದು. ರಾಜೂರಾಗ ಇಪ್ಪತ್ತೆರಡು, ರೋಣದಾಗ ಇಪ್ಪತ್ತು, ಸೂಡ್ಯಾಗ ಒಂದು ಸಣ್ಣ ಸೊಸಿ ಸಿಕ್ಕು ಹದಿನೇಳಕ್ಕ ಇಳದ್ನಿ. ಮುದುಕ್ಯಾರ ಮುಂದ ಮಾತ್ರ ಈ ಫಜೀತಿ ಇರಲಿಲ್ಲ. ಉಗುರ ತಗ್ಯಾಕ ಬಗ್ಗಿದ್ರ ಸಾಕು, ನಮಸ್ಕಾರ ಮಾಡಾಕತ್ತಾಳ ಅಂತ ತಿಳದು, ತಲಿ ಮ್ಯಾಲ ಕೈ ಇಟ್ಟು, "ಚಲೋ ಗಂಡ ಸಿಗಲಿ" ಅಂತಿದ್ರು. ಒಂದ ಕಾಲಿಗೆ ಒಂದು, ಇನ್ನೊಂದ ಕಾಲಿಗೆ ಇನ್ನೊಂದು. ಅಷ್ಟೆಲ್ಲಾ ಆಶೀರ್ವಾದ ಎಲ್ಲಿ ಹೋದ್ವೋ ಅಂತ ಅವ್ವ ದಿನಾ ಕೇಳ್ತಿದ್ಲು.

ಕಡೀಕೊಂದು ಫಲಾ ಕೊಡ್ತು. ಸವಡಿ ಅಜ್ಜಿನ ವರಾ ತಂದ್ಲು. ನರಗುಂದದ ಹುಡುಗ, ಅಕಿ ತಂಗಿ ಮೊಮ್ಮಗ, ಸುಟ್ಟ ಪಂಪಿನ ಮೋಟರಿಗೆ ತಂತಿ ಸುತ್ತಿಕೊಡೂ ಅಂಗಡಿ ಇಟ್ಟಾಂವ. ಕನ್ಯಾ ನೋಡಾಕ ಹುಡುಗ ಬಂದ, ಅವರವ್ವ ಬಂದ್ರು, ಸೂಡ್ಯಾಗಿನ ಅವನ ಅತ್ತಿ ಬಂದ್ರು, ನಡುವ ಅಜ್ಜಿ. ಸೂಡಿ ಅತ್ತಿ ಮಾರಿ ಕಂಡ ಕೂಡಲೆ ನಾ ಲಗೂನ ತಲಿ ಕೆಳಗ ಹಾಕಿದ್ನಿ. ಹದಿನೇಳು ಹೇಳಿದ್ದು ಅವರ ಸೊಸಿ ಮುಂದ.

ಉಪ್ಪಿಟ್ಟು ತಿಂದ ಮ್ಯಾಲ ಹುಡುಗನ ಅವ್ವ ಕೇಳಿದ್ರು: "ಹುಡುಗಿಗೆ ಹದಿನೆಂಟು ಹೌದಲ್ರಿ?"

"ಹದಿನೇಳ ಅಂದಿದ್ಲಲ್ಲಾ ನಮ್ಮ ಮನ್ಯಾಗ!" ಅಂದ್ರು ಸೂಡಿ ಅತ್ತಿ.

ಒಳಗಿಂದ ಚಾದ ತಾಟ ಹಿಡ್ಕೊಂಡು ಬಂದ ನಮ್ಮವ್ವ ಅಲ್ಲೇ ನಿಂತ್ಲು. ನನ್ನ ನೋಡಿದ್ಲು, ಒಳಗಿನ ಒಲಿ ನೋಡಿದ್ಲು. ಆದ್ರ ಸುಳ್ಳ ಹೇಳಿ ಹೇಳಿ ನನಗೂ ಸಾಕಾಗಿತ್ತು.

"ಇಪ್ಪತ್ತಾರ್ರೀ" ಅಂದ್ನಿ. "ದೊಡ್ಡಾಕಿ ಅಂದ್ರ ಯಾರೂ ಕಾಲ ಕೊಡೂದಿಲ್ರಿ. ಅದಕ್ಕ ಎಲ್ಲಾರಿಗಿಂತ ಸಣ್ಣಾಕಿ ಆಗ್ಕೊಂತ ಬಂದ್ನಿ. ಕೆಲಸಾ ಮಾತ್ರ ಬಿಡೂದಿಲ್ರಿ."

ಹುಡುಗಗ ಇಪ್ಪತ್ನಾಕು. ಅವರವ್ವ ತಲಿ ಮ್ಯಾಲಿನ ಸೆರಗ ಸರಿಮಾಡ್ಕೊಂಡು, "ಎರಡ ವರ್ಷ ದೊಡ್ಡಾಕಿ. ಹಬ್ಬ ಹುಣ್ಣಿವಿಗೆ ಇಕಿ ಅವನ ಕಾಲಿಗೆ ಬಿದ್ರ, ನನ್ನ ಮಗನ ಆಯುಷ್ಯದ ಗತಿ ಏನವಾ?" ಅಂದ್ರು. ಚ್ಯಾಷ್ಟಿ ಅಲ್ಲ, ಖರೇನ ಅಂಜಿದ್ರು.

ಸವಡಿ ಅಜ್ಜಿ ಸುಮ್ಮನ ಕುಂದ್ರತಾಳೇನ? "ಅದಕ್ಯಾಕ ಚಿಂತಿ? ಇಕಿಗೆ ಹದಿನೆಂಟು ಅಂತ ನಾ ಇನ್ನೊಮ್ಮೆ ಹೇಳಲೇನ?" ಅಂದ್ಲು.

ಮೊದಲ ನಕ್ಕಾಂವ ಹುಡುಗ. ಎಲ್ಲಾರೂ ನಕ್ಕು ಮುಗಿಸೂತನಕ ತಡದು, "ಕಾಲಿಗೆ ಬೀಳೂದ ಬ್ಯಾಡ ಬಿಡವಾ" ಅಂದ ಅವರವ್ವಗ. "ಕೆಲಸಾ ಬಿಡೂದೂ ಬ್ಯಾಡ." ಅಷ್ಟ ಹೇಳಿ, ತಾಟಿನಾಗಿನ ಆರಿದ ಚಾ ತಗೊಂಡು ಕುಡದ. ನಮ್ಮವ್ವ ಒಳಗ ಹೋಗಿ ಬ್ಯಾರೆ ಚಾ ಇಟ್ಲು.

ಮದವಿ ದಿನಾ ಮುಂಜಾನೆತನಕ ಬಂದ ಹೆಣ್ಣಮಕ್ಕಳ ಉಗುರಿಗೆಲ್ಲಾ ನಾನ ಬಣ್ಣ ಹಚ್ಚಿದ್ನಿ. ನಂದು ಮಾಡ್ಕೊಳ್ಳಾಕ ಹೊತ್ತು ಸಿಗಲಿಲ್ಲ. ಕೈಗಷ್ಟ ಹಚ್ಕೊಂಡಿದ್ನಿ, ಕಾಲ ಹಂಗ ಬೋಳು. ಅಕ್ಕಿಕಾಳ ಬಿದ್ದ ಮ್ಯಾಲ ಕಾಲುಂಗುರ ತೊಡಸು ಅಂದ್ರು. ಅಂವ ಕೆಳಗ ಕುಂತು ನನ್ನ ಕಾಲ ತಗೊಂಡು ತನ್ನ ತೊಡಿ ಮ್ಯಾಲ ಇಟ್ಕೊಂಡ. ತಂತಿ ಸುತ್ತಿ ಸುತ್ತಿ ಬಿರುಸಾದ ಕೈ. ಇಡೀ ತಾಲೂಕಿನ ಕಾಲ ಹಿಡದಿದ್ನಿ, ನನ್ನ ಕಾಲ ಅಲ್ಲೀತನಕ ಯಾರೂ ಹಿಡದಿದ್ದಿಲ್ಲ. ಒಮ್ಮೆಲೇ ಕಣ್ಣಾಗ ನೀರ ಬಂದು, ಆ ಸವಡಿ ಹುಡುಗಿಗತೆ ಕಾಲ ಹಿಂದಕ್ಕ ಎಳಕೊಂಡ್ನಿ.

ಅಂವ ಬಿಡಲಿಲ್ಲ. ತಲಿ ಎತ್ತದನ, ನನಗಷ್ಟ ಕೇಳೂವಂಗ ಅಂದ: "ಕೊಡು, ನಾ ಸಣ್ಣಾಂವ ಅದೀನಿ. ನಡೀತೈತಿ."