ಕಾವಲುಗಾರನ ಮರಿಮಗ

ಇಂಗ್ಲೆಂಡಿನಿಂದ ಹಡಗು ತುಂಬಿ ತಂದ ಕೈದಿಗಳನ್ನು ಪಶ್ಚಿಮ ಆಸ್ಟ್ರೇಲಿಯಾದ ರೈತರಿಗೆ ಕೂಲಿಗೆ ಕೊಡುತ್ತಿದ್ದ ನಮ್ಮೂರಿನ ಡಿಪೋದಲ್ಲಿ ಈಗ ಉಳಿದಿರುವುದು ನಾಲ್ಕು ಮೋಟುಗೋಡೆ. ಆದರೆ ಕ್ಲೆಮ್ ಪೆಂಗೆಲಿ ಬಾಯಿ ತೆರೆದರೆ ಅದಕ್ಕೆ ಸೂರೂ ಬರುತ್ತದೆ, ಬಾಗಿಲೂ ಬರುತ್ತದೆ. ಭಾನುವಾರ ಬಂತೆಂದರೆ ಊರು ತೋರಿಸಲು ಪ್ರವಾಸಿಗರನ್ನು ಕುರಿಮಂದೆಯಂತೆ ಅಟ್ಟಿಕೊಂಡು ಹೊರಡುತ್ತಾನೆ. ಕಥೆ ರಂಗೇರಿದಾಗ ಬಾಯಿಗೆ ನೊಣ ಹೊಕ್ಕರೂ ನುಂಗಿಕೊಂಡು ಮುಂದುವರಿಯುತ್ತಾನೆ. "ನಮ್ ಮುತ್ತಾತ ಇಲ್ಲಿ ಕಾವಲುಗಾರ ಕಣ್ರೀ, ಕೈದಿ ಅಲ್ಲ!" ಎಂಬುದು ಅವನ ಪಲ್ಲವಿ. ನಮ್ಮೂರಿನಲ್ಲಿ ಎಲ್ಲರ ಮುತ್ತಾತಂದಿರೂ ಕಾವಲುಗಾರರೇ. ಕೈದಿಗಳಿಗೆ ಮಕ್ಕಳೇ ಆಗಲಿಲ್ಲವೇನೋ. "ಹಂಗಾದ್ರೆ ಈ ಕಾವಲುಗಾರ್ರೆಲ್ಲ ಯಾರನ್ನ ಕಾಯ್ತಿದ್ರೋ ಕ್ಲೆಮ್ಮು?" ಎಂದು ಪಬ್ಬಿನ ಎಡ್ನಾ ಕೆಣಕಿದರೆ ಬಿಯರನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಾನೆ. ಮೊನ್ನೆ ಭಾನುವಾರವೂ ರಸ್ತೆ ಬದಿಯಲ್ಲಿ ನಿಂತು, "ಅಧಿಕಾರಿ ಎದುರಾದ್ರೆ ಕೈದಿ ಟೋಪಿ ತೆಗೆದು, ದಾರಿ ಬಿಟ್ಟು ಚರಂಡಿಗೆ ಇಳೀಬೇಕಿತ್ತು," ಎಂದು ವರ್ಣಿಸುತ್ತಿದ್ದ. ಅಷ್ಟರಲ್ಲಿ ಊರಿಗೆ ಹೊಸದಾಗಿ ಬಂದ ಪೊಲೀಸ್ ಹುಡುಗಿ ಐಸ್‌ಕ್ರೀಂ ಚೀಪುತ್ತ ಅದೇ ದಾರಿಯಲ್ಲಿ ಬಂದಳು. ಕ್ಲೆಮ್ ಮಾತು ನಿಲ್ಲಿಸಿದ. ಟೋಪಿ ತೆಗೆದು, ಚರಂಡಿಗೆ ಇಳಿದು, ಅವಳು ದಾಟಿಹೋಗುವ ತನಕ ತಲೆ ತಗ್ಗಿಸಿ ನಿಂತ. ಪೊಲೀಸರನ್ನು ಕಂಡರೆ ಅವನ ಅಪ್ಪನೂ ಹೀಗೆಯೇ ಇಳಿಯುತ್ತಿದ್ದ, ಅಜ್ಜನೂ ಇಳಿಯುತ್ತಿದ್ದ. ಅದು ತಮ್ಮ ಮನೆತನದ ಮರ್ಯಾದೆ ಎಂದೇ ಅವನು ನಂಬಿದ್ದಾನೆ. ಎಂಥ ನಟನೆ ಎಂದು ಪ್ರವಾಸಿಗರೆಲ್ಲ ಚಪ್ಪಾಳೆ ತಟ್ಟಿದರು. "ಯಾಕ್ರೀ? ನಾನೇನ್ ಮಾಡ್ದೆ ಈಗ?" ಎಂದು ಕ್ಲೆಮ್ ಚರಂಡಿಯಲ್ಲಿ ನಿಂತೇ ಕೇಳಿದ.