ರಾಹುಕಾಲಕ್ಕೆ ಮುಂಚೆ ಹಾಕಿಕೊಂಡ ಲೆನ್ಸು

ನನ್ನ ಕಣ್ಣಿನ ಕಥೆ ಹೇಳಿ ಹೇಳಿ ನನಗೇ ಸಾಕಾಗಿದೆ. ಆದರೂ ಈ ದಪ್ಪ ಕನ್ನಡಕ ಕಂಡವರು ಬಿಡುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿಕೊಳ್ಳಬಾರದೆ ಎಂದು ಕೇಳುತ್ತಾರೆ. ಹಾಕಿಸಿಕೊಂಡಿದ್ದೆ ತಾಯಿ, ನೀವೆಲ್ಲ ಹುಟ್ಟುವ ಮುಂಚೆ.

ನಮ್ಮ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕೊನೆಯ ವರ್ಷಗಳವು. ನನಗೆ ಇಪ್ಪತ್ತು. ಶಾಲೆಯಲ್ಲಿ ಸೋಡಾಬುಡ್ಡಿ ಅನ್ನಿಸಿಕೊಂಡದ್ದು ಸಾಲದೆಂಬಂತೆ, ನೋಡಲು ಬಂದ ಎರಡು ಗಂಡಿನ ಕಡೆಯವರೂ ಕನ್ನಡಕ ಕಂಡು, ಉಪ್ಪಿಟ್ಟು ತಿಂದು ಎದ್ದುಹೋಗಿದ್ದರು. ಅಪ್ಪ ಯಾರಿಂದಲೋ ಕೇಳಿ ನನ್ನನ್ನು ಮದ್ರಾಸಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಒಂದಲ್ಲ ಎರಡಲ್ಲ, ನಾಲ್ಕು ಸಲ. ಡಾಕ್ಟರು ಕಣ್ಣಿನ ಅಚ್ಚು ತೆಗೆದರು. ಗಾಜಿನದು ಒಡೆದೀತು, ಪ್ಲಾಸ್ಟಿಕ್ಕಿನದು ಹಗುರ ಎಂದು ಅವರೇ ಆರಿಸಿದರು. ಬಿಳಿಗುಡ್ಡೆಯನ್ನೂ ಮುಚ್ಚುವಷ್ಟು ದೊಡ್ಡ ಬಟ್ಟಲು ಅದು. ಔಷಧದ ನೀರು ತುಂಬಿ, ತಲೆ ಬಗ್ಗಿಸಿ, ಕಣ್ಣನ್ನೇ ಅದಕ್ಕೆ ತಗುಲಿಸಬೇಕು. ಸಾಬೂನಿನಿಂದ ಕೈ ತೊಳೆಯದೆ ಮುಟ್ಟಬಾರದು. ಮೂರು ತಾಸಿನ ಮೇಲೆ ಇಟ್ಟುಕೊಳ್ಳಬಾರದು. ದೀಪದ ಸುತ್ತ ಬಣ್ಣದ ಬಳೆ ಕಂಡರೆ ಆ ಕ್ಷಣವೇ ತೆಗೆಯಬೇಕು, ಇಲ್ಲದಿದ್ದರೆ ಹುಣ್ಣಾಗಿ ಇರುವ ದೃಷ್ಟಿಯೂ ಹೋದೀತು ಅಂದರು. ಅಪ್ಪ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟರು.

ಸಿರುಗುಪ್ಪದಿಂದ ಗಂಡಿನ ಕಡೆಯವರು ಬರುವುದು ಭಾನುವಾರ ನಾಲ್ಕಕ್ಕೆ ಎಂದಾಯಿತು. ಕುರುಗೋಡಿನಿಂದ ಅಪ್ಪನ ಅಕ್ಕ ಬಂದಿದ್ದಳು. ತಾಯಿಯಿಲ್ಲದ ನನ್ನನ್ನು ಸಿಂಗರಿಸುವ ಹಕ್ಕು ಅವಳದು. ಅವತ್ತಿನ ರಾಹುಕಾಲ ನಾಲ್ಕೂವರೆಯಿಂದ ಆರು. ಆ ಹೊತ್ತಿನಲ್ಲಿ ಏನನ್ನೂ ತೊಡುವಂತಿಲ್ಲ, ಕಳಚುವಂತಿಲ್ಲ. ಹಾಗಾಗಿ ಮೂರೂವರೆಗೇ ಸೀರೆ, ಹೂ, ಬಳೆ, ಲೆನ್ಸು ಎಲ್ಲ ಮುಗಿಯಿತು. ಬಸ್ಸು ತಡವಾಯಿತು. ಅವರು ಊರು ಮುಟ್ಟಿದಾಗ ರಾಹುಕಾಲ ಹಿಡಿದಿತ್ತು. ನಮ್ಮ ಹೊಸ್ತಿಲು ತುಳಿಯದೆ ಬ್ರೂಸ್‌ಪೇಟೆಯ ನೆಂಟರ ಮನೆಯಲ್ಲಿ ಕೂತುಬಿಟ್ಟರು.

ಐದೂವರೆಗೆ ಕಣ್ಣು ಉರಿಯತೊಡಗಿತು. ಈಗ ತೆಗೆದು, ಅವರು ಬಂದಮೇಲೆ ಹಾಕಿಕೊಳ್ಳುತ್ತೇನೆ ಅಂದೆ.

"ರಾಹುಕಾಲದಾಗ ಕಳಚಬ್ಯಾಡವ್ವ. ಕಳಚಿದ್ರ ಸಂಬಂಧನೂ ಕಳಚತೈತಿ" ಅಂದಳು ಅತ್ತೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಪ್ಪ ಚೀಟಿ ತೆಗೆದು ಓದಿದರು, ಅಕ್ಕನ ಮುಖ ನೋಡಿದರು, ಮತ್ತೆ ಮಡಚಿ ಜೇಬಿಗಿಟ್ಟರು. ಜೀವಮಾನದಲ್ಲಿ ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ.

ಆರು ಹೊಡೆದದ್ದೇ ಅವರು ಬಂದುಬಿಟ್ಟರು, ಇನ್ನೇನು ಕರೆಯುತ್ತಾರೆ ಎಂದು ಅತ್ತೆ ಆಗಲೂ ತೆಗೆಯಗೊಡಲಿಲ್ಲ. ಮಾತು ಮುಗಿಸಿ ನನ್ನನ್ನು ಕರೆದಾಗ ಏಳು ಹೊಡೆಯಲು ಬಂದಿತ್ತು. ಪಡಸಾಲೆಯ ಲಾಟೀನಿನ ಸುತ್ತ ಕೆಂಪು, ಹಸಿರು ಬಳೆಗಳು. ಹುಡುಗ ಎಲ್ಲಿ ಕೂತಿದ್ದನೋ, ನನಗೆ ಬರೀ ಮಂಜು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಹುಡುಗನ ತಾಯಿಗೆ ಅದೇ ಹಿಡಿಸಿತು. ತವರಿನ ಮೇಲೆ ಇಷ್ಟು ಮಮತೆಯಿರುವ ಹುಡುಗಿ ತಮ್ಮ ಮನೆಗೂ ಹೊಂದಿಕೊಳ್ಳುತ್ತಾಳೆ, ಈಗಲೇ ವೀಳ್ಯ ಬದಲಾಯಿಸೋಣ ಅಂದರು. ಅತ್ತೆ ಸಂತೋಷಕ್ಕೆ ನನ್ನ ತೋಳು ಚಿವುಟಿದಳು.

ನಾನು ಯೋಚಿಸಿದ್ದು ಇಷ್ಟೇ: ನಾಳೆ? ನಾಡಿದ್ದು? ಮದುವೆಯ ಹೋಮದ ಹೊಗೆಯಲ್ಲಿ? ಅವರ ಅಡಿಗೆಮನೆಯಲ್ಲಿ? ದಿನಕ್ಕೆ ಮೂರು ತಾಸು ಕಣ್ಣಿರುವ ಸೊಸೆ ನಾನು. ದಣಿದಿದ್ದೆ. ಒಳಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದೆ, ಎರಡನ್ನೂ ತೆಗೆದೆ, ಕನ್ನಡಕ ಹಾಕಿಕೊಂಡು ಹೊರಗೆ ಬಂದು ಕೂತೆ.

ಹುಡುಗನ ತಾಯಿ, ಇದನ್ನು ಮೊದಲೇ ಹೇಳಬೇಕಿತ್ತು ಎಂದು ಅಪ್ಪನಿಗೆ ಮೆತ್ತಗೆ ಹೇಳಿ ಎದ್ದರು. ವೀಳ್ಯದ ತಟ್ಟೆ ಅಲ್ಲೇ ಉಳಿಯಿತು. ಅತ್ತೆ ಅಡಿಗೆಮನೆ ಸೇರಿ ಅತ್ತಳು.

ನನ್ನ ಕಣ್ಣಿನ ಮಂಜು ನಿಧಾನವಾಗಿ ಹರಿಯಿತು. ಮೊದಲು ಸ್ಪಷ್ಟವಾಗಿ ಕಂಡದ್ದು ಅಪ್ಪನ ಮುಖ. ಅವರು ಆ ಚೀಟಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಇನ್ನ ಮ್ಯಾಲೆ ನಿನ್ನ ಯಾರಿಗೂ ತೋರ್ಸಂಗಿಲ್ಲ ಬಿಡವ್ವ" ಅಂದರು.

ಆ ಮಾತನ್ನು ಅವರು ಸಾಯುವವರೆಗೂ ಉಳಿಸಿಕೊಂಡರು. ಒಮ್ಮೆಯಾದರೂ ಮಾತಿಗೆ ತಪ್ಪಲಿ ಎಂದು ನಾನು ಎಷ್ಟೋ ಸಲ ಬಯಸಿದ್ದೆ.