ಹೆದರಿಕೆಗೆ ನೂರಕ್ಕೆ ಎಷ್ಟು?

ಆರ್ಡಿತ್ ಟೇವ್ಸ್ ನಡೆಸುವ ತರಗತಿಗೆ ಪರೀಕ್ಷೆ ಇಲ್ಲ, ಅಂಕ ಇಲ್ಲ, ಹಾಜರಿಯೂ ಇಲ್ಲ. ಅದಕ್ಕೇ ಕೆನಡಾದ ನಮ್ಮ ವಿನಿಪೆಗ್ಗಿನ ಹುಡುಗ ಹುಡುಗಿಯರು ಮೊದಲ ದಿನವೇ ಕಂಗಾಲಾಗುತ್ತಾರೆ. "ಹಾಗಾದ್ರೆ ಇದ್ರಲ್ಲಿ ಪಾಸಾಗೋದು ಹೇಗೆ?" ಎಂದು ನನ್ನನ್ನು ಕೇಳುತ್ತಾರೆ. ನಾನು ವಿಶ್ವವಿದ್ಯಾಲಯದ ಆಪ್ತಸಲಹಾ ಕೇಂದ್ರದ ಬಾಗಿಲ ಬಳಿಯ ಮೇಜಿನ ಹಿಂದೆ ಹನ್ನೊಂದು ವರ್ಷದಿಂದ ಕೂತವಳು. ಇಂಥ ಪ್ರಶ್ನೆಗೆ ಉತ್ತರ ಕೊಡುವಷ್ಟು ತಾಳ್ಮೆ ನನಗಿಲ್ಲ. ಒಳಗೆ ಹೋಗಿ ಎಂದು ಬೆರಳು ತೋರಿಸುತ್ತೇನೆ.

ಒಳಗೆ ಆರ್ಡಿತ್ ಇರುತ್ತಾಳೆ. ಬಾಗಿಲೆತ್ತರದ ಹೆಂಗಸು, ನಕ್ಕರೆ ಕಿಟಕಿಯ ಗಾಜು ಅದುರಬೇಕು. ಹಳ್ಳಿ ಕಡೆ ಹದಿನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿ, ನಲವತ್ತು ದಾಟಿದ ಮೇಲೆ ಓದಿ ಆಪ್ತಸಲಹೆಗಾರ್ತಿಯಾದವಳು. ಅವಳದು ಮೆನನೈಟ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ಮನೆತನ. ದುಡಿಮೆ, ಪ್ರಾರ್ಥನೆ ಬಿಟ್ಟರೆ ಮೂರನೆಯ ಮಾತಿಲ್ಲ. "ನಮ್ಮನೇಲಿ ಇದ್ದದ್ದು ಎರಡೇ ಭಾವನೆ ಕಣೆ ರೋವೀನಾ, ಹಸಿವು ಮತ್ತೆ ಸುಸ್ತು. ಮಿಕ್ಕಿದ್ದೆಲ್ಲ ನಾನು ದೊಡ್ಡೋಳಾದ್ಮೇಲೆ ಕಲ್ತದ್ದು" ಎನ್ನುತ್ತಾಳೆ. ಈಗ ಅದನ್ನೇ ಎಂಟು ವಾರ, ಪ್ರತಿ ಮಂಗಳವಾರ, ಹತ್ತು ಹನ್ನೆರಡು ಮಕ್ಕಳಿಗೆ ಕಲಿಸುತ್ತಾಳೆ. ಎದೆ ಢವಗುಟ್ಟಿದರೆ ಅದಕ್ಕೊಂದು ಹೆಸರಿಡಿ. ಅದು ಹೇಳುತ್ತಿರುವುದು ನಿಜವೋ ಸುಳ್ಳೋ ವಿಚಾರಿಸಿ. ತೀರಾ ಕೈಮೀರಿದರೆ ಬೋಗುಣಿಯ ತಣ್ಣೀರಿನಲ್ಲಿ ಉಸಿರು ಕಟ್ಟಿ ಅರ್ಧ ನಿಮಿಷ ಮುಖ ಮುಳುಗಿಸಿ, ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಕೊನೆಯ ಪಾಠ ಎಲ್ಲಕ್ಕಿಂತ ಕಷ್ಟದ್ದು: ಹೆದರಿಕೆ ಓಡು ಎಂದರೆ ನಿಲ್ಲಿ.

ಮನೆಗೆಲಸವೂ ಉಂಟು. ದಿನಕ್ಕೆ ಮೂರು ಸಲ, ಈಗ ಹೆದರಿಕೆ ನೂರಕ್ಕೆ ಎಷ್ಟಿದೆ ಎಂದು ಹಾಳೆಯಲ್ಲಿ ಬರೆಯಬೇಕು. ಎಡವಟ್ಟಾಗುವುದು ಇಲ್ಲೇ. ಒಂದನೇ ಕ್ಲಾಸಿನಿಂದ ಅಂಕಕ್ಕಾಗಿ ಬಡಿದಾಡಿದ ಮಕ್ಕಳು, ಇದನ್ನೂ ಗೆಲ್ಲಬೇಕಾದ ಪರೀಕ್ಷೆ ಎಂದುಕೊಳ್ಳುತ್ತಾರೆ. ಒಬ್ಬ ಮಹಾರಾಯ ವಾರವಿಡೀ ಸೊನ್ನೆ ಬರೆದು, ಎದೆಯುಬ್ಬಿಸಿಕೊಂಡು ತಂದುಕೊಟ್ಟಿದ್ದ.

"ಸೊನ್ನೆ ಬರೋದು ಹೆಣಕ್ಕೆ ಮಾತ್ರ ಕಣೋ" ಎಂದಳು ಆರ್ಡಿತ್. "ನಿಜ ಬರ್ಕೊಂಡು ಬಾ, ಹೋಗು."

ಆದರೆ ಜೋವಿ ಮಗ್ಸಾಯ್ ಸುಳ್ಳು ಬರೆಯುವವಳಲ್ಲ. ಅವಳ ಕಾಯಿಲೆಯೇ ಬೇರೆ. ಸಿವಿಲ್ ಇಂಜಿನಿಯರಿಂಗ್ ಮೂರನೆಯ ವರ್ಷದ ಹುಡುಗಿ. ನಾಲ್ಕು ಬಣ್ಣದ ಪೆನ್ನಿನಲ್ಲಿ ಹಾಳೆ ತುಂಬಿಸಿ, ಕೆಳಗೊಂದು ಏರಿಳಿತದ ನಕ್ಷೆಯನ್ನೂ ಎಳೆದಿರುತ್ತಿದ್ದಳು. ಅವಳು ತನ್ನ ಸೇತುವೆಯ ವಿನ್ಯಾಸವನ್ನು ಇಡೀ ತರಗತಿಯ ಮುಂದೆ ನಿಂತು ಹನ್ನೆರಡು ನಿಮಿಷ ವಿವರಿಸಬೇಕಿತ್ತು. ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದಳು. ಮೂರನೆಯದೇ ಕೊನೆಯ ಅವಕಾಶ. ಅದೂ ತಪ್ಪಿದರೆ ವರ್ಷವೇ ಹೋಯಿತು.

"ನಮ್ಮಜ್ಜಿ ಆಗ್ಲೇ ಚರ್ಚಲ್ಲೆಲ್ಲ ನನ್ನ ಇಂಜಿನಿಯರ್ ಅಂತ್ಲೇ ಪರಿಚಯ ಮಾಡ್ಸಿಬಿಟ್ಟಿದಾರೆ" ಎಂದು ಒಮ್ಮೆ ನನ್ನ ಮೇಜಿಗೊರಗಿ ಅತ್ತಿದ್ದಳು. ಮನಿಲಾದಿಂದ ಬಂದ ಆ ಅಜ್ಜಿಯನ್ನು ನಾನು ಕಂಡಿಲ್ಲ. ಆದರೂ ಆವತ್ತು ಅವರ ಮೇಲೆ ನನಗೆ ಸಿಟ್ಟು ಬಂತು.

ಜನವರಿಯ ಆ ಬೆಳಿಗ್ಗೆ ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗೆ. ಹತ್ತು ಗಂಟೆಗೆ ಜೋವಿಯ ಸರದಿ. ಒಂಬತ್ತೂಕಾಲಿಗೇ ಬಂದಳು, ಮುಖ ಸುಣ್ಣವಾಗಿತ್ತು. ಆರ್ಡಿತ್ ಬೋಗುಣಿಗೆ ನೀರು ತುಂಬಿ, ಮೆಟ್ಟಿಲ ಮೇಲಿನ ಹಿಮವನ್ನೇ ಎರಡು ಹಿಡಿ ತಂದು ಹಾಕಿದಳು. ಹುಡುಗಿ ಮುಖ ಮುಳುಗಿಸಿದಳು, ಎದ್ದಳು, ಹಾಳೆಯಲ್ಲಿ ಎಪ್ಪತ್ತು ಎಂದು ಬರೆದಳು. ಮತ್ತೆ ಮುಳುಗಿಸಿದಳು. ಅರವತ್ತು. ಮತ್ತೆ ಮುಳುಗಿಸಿದಳು. ಅರವತ್ತೇ. ನಾಲ್ಕನೆಯ ಸಲಕ್ಕೆ ಕೂದಲೆಲ್ಲ ತೊಪ್ಪೆಯಾಗಿತ್ತು. ಆರ್ಡಿತ್ ಬೋಗುಣಿಯನ್ನು ಕಿತ್ತುಕೊಂಡಳು.

"ಕೊಡಿ ಆರ್ಡಿತ್, ಇನ್ನೊಂದೇ ಸಲ. ಇಪ್ಪತ್ತಕ್ಕಿಂತ ಕೆಳಗಿಳಿದ್ರೆ ಹೋಗ್ತೀನಿ."

"ಇಪ್ಪತ್ತು ಅಂತ ಯಾರೇ ಹೇಳಿದ್ರು ನಿಂಗೆ?"

"ನಾನೇ ಇಟ್ಕೊಂಡಿದೀನಿ. ಹಿಂದಿನ ಎರಡು ಸಲಾನೂ ಬಾಗಿಲಲ್ಲಿ ನೋಡ್ಕೊಂಡೆ, ಇಳ್ದಿರ್ಲಿಲ್ಲ. ಅದಕ್ಕೇ ವಾಪಸ್ ಬಂದೆ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗಿತ್ತು ಹುಡುಗಿಯ ಪಾಡು. ಏಳು ವಾರ ಕಲಿಸಿದ್ದೆಲ್ಲ ಓಡಿಹೋಗಲು ಹೊಸ ನೆಪವಾಗಿತ್ತು.

ಆರ್ಡಿತ್ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಪ್ರತಿ ಮಂಗಳವಾರ ನಿಮ್ಮ ರೂಮಿಗೆ ಬರೋಕ್ಮುಂಚೆ ನಂದು ಎಷ್ಟಿರತ್ತೆ ಗೊತ್ತಾ? ಎಂಬತ್ತು."

"ನಿಮ್ದಾ? ಸುಳ್ಳು."

"ರೋವೀನಾನ ಕೇಳು."

"ನಿಜ ಕಣಮ್ಮ" ಎಂದೆ ನಾನು. "ಒಂಬತ್ತು ವರ್ಷದಿಂದ ನೋಡ್ತಿದೀನಿ. ಮೂರು ಸಲ ಬಚ್ಚಲಿಗೆ ಹೋಗಿ ಬರ್ತಾಳೆ. ಆಮೇಲೇ ನಿಮ್ಮ ಕಡೆ ಬರೋದು."

"ಇಳೀಲಿ ಅಂತ ಕಾದಿದ್ರೆ" ಎಂದಳು ಆರ್ಡಿತ್, "ಬಸ್ಸನ್ನ ಹಿಮದಲ್ಲಿ ಒಂದು ದಿನಾನೂ ಶೆಡ್ಡಿಂದಾಚೆ ತೆಗೀತಿರ್ಲಿಲ್ಲ. ಮಕ್ಕಳೆಲ್ಲ ಮನೇಲೇ ಕೂತು ದಡ್ಡರಾಗ್ತಿದ್ರು. ಆ ತಣ್ಣೀರು ಇರೋದು ಕಾಲು ನಡುಗೋದು ನಿಲ್ಲಿಸೋಕಲ್ಲ ಕಣೇ, ನಡುಗೋ ಕಾಲಲ್ಲೇ ನಡೆಯೋಕೆ. ಅರವತ್ತನ್ನೂ ಜೊತೇಲೇ ಕರ್ಕೊಂಡು ಹೋಗು."

ಜೋವಿ ಅವಳನ್ನೇ ಪಿಳಿಪಿಳಿ ನೋಡಿದಳು. ಆಮೇಲೆ ಗಡಿಯಾರ ನೋಡಿದಳು. ಒಂಬತ್ತು ಐವತ್ತೆರಡು. ಬ್ಯಾಗು ಎತ್ತಿಕೊಂಡು ಹೊರಗೋಡಿದಳು. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ನೆಲದಡಿಯ ಬೆಚ್ಚನೆಯ ದಾರಿ ಬಿಟ್ಟು, ಮೈದಾನದ ಮೇಲೆ ನೇರ ಓಟ.

"ಟೋಪಿ! ಲೇ, ಟೋಪಿ!" ಎಂದು ಆರ್ಡಿತ್ ಬಾಗಿಲಲ್ಲಿ ನಿಂತು ಕೂಗಿದ್ದು ಹುಡುಗಿಯ ಕಿವಿಗೆ ಬೀಳಲೇ ಇಲ್ಲ.

ಆಮೇಲಿನ ಒಂದು ಗಂಟೆ ಆರ್ಡಿತ್ ನನ್ನ ಪ್ರಾಣ ತಿಂದಳು. ಕರಪತ್ರಗಳನ್ನು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಮಧ್ಯಾಹ್ನಕ್ಕೆಂದು ಮಾಡಿತಂದಿದ್ದ ಹಣ್ಣಿನ ಕೇಕನ್ನು ತಾನೇ ಮುಕ್ಕಾಲು ಮುಗಿಸಿದಳು. "ಉಸಿರು ಬಿಡೇ ಮಾರಾಯ್ತಿ, ನೀನೇ ಕಲಿಸೋದಲ್ವಾ" ಎಂದರೆ, "ಸುಮ್ನಿರು, ನೀನು" ಎಂದು ಗದರಿದಳು.

ಹನ್ನೊಂದಕ್ಕೆ ಜೋವಿ ಬಂದಳು. ಆರ್ಡಿತ್ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತಳು. ನಾನೇ ಕೇಳಿದೆ, "ಏನಾಯ್ತು?"

"ಒದ್ದೆ ಕೂದ್ಲು ಚಳಿಗೆ ಹೆಪ್ಪುಗಟ್ಟಿ ಕಡ್ಡಿ ಥರ ನಿಂತ್ಕೊಂಡ್ಬಿಟ್ಟಿತ್ತು ರೋವೀನಾ! ಒಳಗೆ ಹೋದ ತಕ್ಷಣ ಮುಂದಿನ ಸಾಲಿನ ಹುಡುಗ 'ಇದೇನು, ಪೊರಕೆ ತಲೇಲಿಟ್ಕೊಂಡ್ ಬಂದಿದೀಯ' ಅಂದ. ಎಲ್ರೂ ನಕ್ರು. ನಂದು ಸೀದಾ ತೊಂಬತ್ತೈದು. ಓಡು ಅಂತು. ಬಾಗಿಲು ಪಕ್ಕದಲ್ಲೇ ಇತ್ತು."

"ಓಡಿದ್ಯಾ?"

"ನಿಂತೆ. ಹಿಮ ಕರಗಿ ಬರ್ಕೊಂಡಿದ್ದ ಹಾಳೆ ಮೇಲೆಲ್ಲ ತೊಟ್ಟಿಕ್ತು, ಒಂದಕ್ಷರ ಕಾಣ್ಲಿಲ್ಲ. ಅವ್ರ ಮುಖ ನೋಡ್ಕೊಂಡೇ ಹೇಳ್ದೆ. ಗಂಟಲು ಕೊನೇವರೆಗೂ ನಡುಗ್ತಿತ್ತು. ಹನ್ನೆರಡು ನಿಮಿಷ! ಮೇಲೆ ಎರಡು ಪ್ರಶ್ನೆ ಬೇರೆ."

"ಮೇಷ್ಟ್ರು ಏನಂದ್ರು?"

"ಪಾಸು, ಇನ್ಮೇಲೆ ತಲೆ ಒರೆಸ್ಕೊಂಡು ಬಾ ಅಂದ್ರು."

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆರ್ಡಿತ್ ಮಾತ್ರ ನನ್ನ ಕುರ್ಚಿಯಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ಪಕ್ಕದ ಕೋಣೆಯವರು ಬಾಗಿಲು ತೆರೆದು ಇಣುಕಿದರು. ಅವಳು ಲೆಕ್ಕಿಸಲಿಲ್ಲ.

ನನಗೆ ಗೊತ್ತಿತ್ತು ಅದು ಏಕೆಂದು. ನಮ್ಮ ಕೇಂದ್ರಕ್ಕೆ ಮರಳಿ ಬರುವವರು ಮತ್ತೆ ಬಿದ್ದವರು ಮಾತ್ರ. ಗೆದ್ದವರು ಇತ್ತ ತಲೆ ಹಾಕುವುದಿಲ್ಲ, ಹಾಕಬೇಕಾದ್ದೂ ಇಲ್ಲ. ಖಾಲಿ ಕುರ್ಚಿಯನ್ನು ನೋಡಿ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ತಿಳಿಯದೆ ಅವಳು ಮಂಗಳವಾರಗಳನ್ನು ನೂಕಿದ್ದಳು.

"ಒಂಬತ್ತು ವರ್ಷ" ಎಂದಳು ಮೂಗು ಒರೆಸುತ್ತ. "ಒಬ್ರೂ ಬಂದು ಹೇಳಿರ್ಲಿಲ್ಲ ಕಣೇ."

ಜೋವಿ ನೆಲ ನೋಡಿದಳು. "ಇಲ್ಲಿಗೆ ಬರೋದು ಅದಕ್ಕಿಂತ ಕಷ್ಟ ಆಯ್ತು ಆರ್ಡಿತ್. ಥ್ಯಾಂಕ್ಸ್ ಅನ್ನೋಕೆ ನಾಚ್ಕೆ. ಹೊರಗೇ ಐದು ನಿಮಿಷ ನಿಂತಿದ್ದೆ."

ನಿಜ. ಗಾಜಿನ ಬಾಗಿಲಾಚೆ ಆ ಚಳಿಯಲ್ಲಿ ಅವಳು ನಿಂತದ್ದನ್ನು ನಾನು ನೋಡಿದ್ದೆ. ಕರೆದರೆ ಎಲ್ಲಿ ಓಡಿಹೋಗುತ್ತಾಳೋ ಎಂದು ಸುಮ್ಮನೆ ಕೂತಿದ್ದೆ.